ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್: ವೋಲ್ಟ್, ಆಂಪಿಯರ್ ಮತ್ತು ಓಮ್ ಲೆಕ್ಕದ ಮೇಲೆ ನಿಂತ ಯೋಜನೆ

ಸಾರ್ವಜನಿಕರ ಮಾಹಿತಿಗಾಗಿ

ಹೊಸ ವಿದ್ಯುತ್ ಸಂಪರ್ಕ ಕೋರಿ ಅಥವಾ ಈಗಿರುವ ಸಂಪರ್ಕದ ವಿದ್ಯುತ್ ಭಾರ ಹೆಚ್ಚಿಸಲು ಕೋರಿ ಅರ್ಜಿ ಸಲ್ಲಿಸುವವರು ಲೋಡ್ ಎಂಬ ಅಂಕಣವನ್ನು ಅಂದಾಜಿನಿಂದ ಭರ್ತಿ ಮಾಡುವುದು ಅಥವಾ ಖಾಲಿ ಬಿಡುವುದು ಸಾಮಾನ್ಯವಾಗಿದೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಹಾಗೂ ಮೊಳಕಾಲ್ಮೂರು ತಾಲ್ಲೂಕುಗಳು ಮಳೆ ಕಡಿಮೆ ಇರುವ ಪ್ರದೇಶಗಳು. ಚಳ್ಳಕೆರೆಯಿಂದ ಬಳ್ಳಾರಿಗೆ ಹೋಗುವ ಹೆದ್ದಾರಿಯಲ್ಲಿರುವ ಬಿ.ಜಿ. ಕೆರೆಯಂತಹ ಊರಿನಲ್ಲಿ ಕೊಳವೆ ಬಾವಿಯ ಪಂಪ್‌ಸೆಟ್ಟನ್ನೇ ನಂಬಿ ಬೆಳೆ ಇಟ್ಟ ರೈತರಿಗೆ ಈ ಅಂಕಣ ಕೇವಲ ಔಪಚಾರಿಕವಾದುದಲ್ಲ. ಮೋಟಾರು ಓಡುತ್ತದೆಯೋ ಸುಟ್ಟುಹೋಗುತ್ತದೆಯೋ ಎಂಬುದು ಬಹುಮಟ್ಟಿಗೆ ಈ ಅಂಕಣದ ಹಿಂದಿರುವ ಸರಳ ಲೆಕ್ಕವನ್ನು ಅವಲಂಬಿಸಿದೆ.

ಇದೇ ಲೆಕ್ಕವನ್ನು ನಂಬಿ ನೂರಿಪ್ಪತ್ತು ವರ್ಷಗಳಿಗೂ ಹಿಂದೆ ಮೈಸೂರು ಸಂಸ್ಥಾನವು ತನ್ನ ಬೊಕ್ಕಸದ ಹಣವನ್ನು ಕಾವೇರಿ ನದಿಯ ಜಲಪಾತವೊಂದರಲ್ಲಿ ತೊಡಗಿಸಿತು. ಆ ತೀರ್ಮಾನದ ಹೊಣೆ ಹೊತ್ತವರು ದಿವಾನ್ ಸರ್ ಕುಮಾರಪುರಂ ಶೇಷಾದ್ರಿ ಅಯ್ಯರ್ ಅವರು. ಅವರ ಜೀವನವನ್ನೂ, ಅದರ ಜೊತೆಗೆ ಆ ಲೆಕ್ಕವನ್ನೂ ಇಲ್ಲಿ ನೀಡಲಾಗಿದೆ.

ಜನನ, ವಿದ್ಯಾಭ್ಯಾಸ ಮತ್ತು ಸೇವೆ

ಶೇಷಾದ್ರಿ ಅಯ್ಯರ್ ಅವರು 1845ರ ಜೂನ್ 1ರಂದು ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಮಲಬಾರಿನ ಪಾಲಕ್ಕಾಡ್ ಸಮೀಪದ ಕುಮಾರಪುರಂ ಗ್ರಾಮದಲ್ಲಿ ಜನಿಸಿದರು. ಕಲ್ಲಿಕೋಟೆಯಲ್ಲಿ ಆರಂಭದ ಶಿಕ್ಷಣ ಪಡೆದು, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, 1868ರಲ್ಲಿ ಬಿ.ಎ. ಪದವಿ ಪಡೆದರು. ಮುಂದೆ ಸೇವೆಯಲ್ಲಿದ್ದುಕೊಂಡೇ ಕಾನೂನು ಪದವಿಯನ್ನೂ ಪಡೆದರು. ಅವರು ಓದಿದ್ದು ಕಾನೂನು ಮತ್ತು ಸಾಹಿತ್ಯ. ವಿದ್ಯುತ್ ಶಾಸ್ತ್ರವನ್ನು ಅವರು ಕಾಲೇಜಿನಲ್ಲಿ ಅಭ್ಯಾಸ ಮಾಡಿದವರಲ್ಲ ಎಂಬುದನ್ನು ಓದುಗರು ಗಮನದಲ್ಲಿಡಬೇಕು.

ಆ ಕಾಲದಲ್ಲಿ ಮೈಸೂರು ಸಂಸ್ಥಾನವು ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. ಮದ್ರಾಸ್ ಪ್ರಾಂತ್ಯದಿಂದ ಮೊದಲೇ ಮೈಸೂರಿಗೆ ಬಂದಿದ್ದ ಸಿ. ರಂಗಾಚಾರ್ಲು ಅವರು ಈ ತರುಣನ ಯೋಗ್ಯತೆಯನ್ನು ಗುರುತಿಸಿ ಇಲ್ಲಿಗೆ ಕರೆತಂದರು. 1868ರಲ್ಲಿ ಅಷ್ಟಗ್ರಾಮ ವಿಭಾಗದ ನ್ಯಾಯಾಂಗ ಶಿರಸ್ತೇದಾರರಾಗಿ ಸೇವೆ ಆರಂಭಿಸಿದ ಶೇಷಾದ್ರಿ ಅಯ್ಯರ್ ಅವರು ಮುಂದಿನ ವರ್ಷಗಳಲ್ಲಿ ಹಲವು ಹುದ್ದೆಗಳನ್ನು ನಿರ್ವಹಿಸಿ ತುಮಕೂರು ಜಿಲ್ಲೆಯ ಡೆಪ್ಯುಟಿ ಕಮಿಷನರ್ ಆದರು. ಶಿರಸ್ತೇದಾರರ ಮೇಜಿನಿಂದ ದಿವಾನಗಿರಿಯವರೆಗೆ ಕಡತಗಳ ನಡುವೆಯೇ ಬೆಳೆದ ಅಧಿಕಾರಿ ಎಂಬ ಕಾರಣಕ್ಕೆ ಕಚೇರಿ ಕೆಲಸದಲ್ಲಿರುವ ನಮ್ಮಂಥವರಿಗೆ ಅವರ ಬಗ್ಗೆ ವಿಶೇಷ ಗೌರವವಿರುವುದು ಸಹಜ.

1876ರಿಂದ 1878ರವರೆಗೆ ಸಂಸ್ಥಾನವನ್ನು ಕಾಡಿದ ಭೀಕರ ಕ್ಷಾಮದಲ್ಲಿ ಸುಮಾರು 10 ಲಕ್ಷ ಜನ ಅಸುನೀಗಿದರು. ಬಯಲುಸೀಮೆಯ ಜಿಲ್ಲೆಗಳು ಅತಿ ಹೆಚ್ಚು ನಷ್ಟ ಅನುಭವಿಸಿದವು. 1881ರಲ್ಲಿ ಆಡಳಿತವು ಹತ್ತನೆಯ ಚಾಮರಾಜೇಂದ್ರ ಒಡೆಯರ್ ಅವರಿಗೆ ಮರಳಿ ಬಂದಾಗ ಸಂಸ್ಥಾನದ ತಲೆಯ ಮೇಲೆ 80 ಲಕ್ಷ ರೂಪಾಯಿಗಳ ಕ್ಷಾಮದ ಸಾಲವಿತ್ತು. ಮೊದಲ ದಿವಾನರಾದ ರಂಗಾಚಾರ್ಲು ಅವರು 1883ರ ಜನವರಿಯಲ್ಲಿ ನಿಧನರಾದರು. ಅವರ ಸ್ಥಾನಕ್ಕೆ ಶೇಷಾದ್ರಿ ಅಯ್ಯರ್ ನೇಮಕಗೊಂಡರು. ಆಗ ಅವರ ವಯಸ್ಸು 37 ವರ್ಷ. ಅಲ್ಲಿಂದ 1901ರವರೆಗೆ, ಹದಿನೆಂಟು ವರ್ಷಗಳ ಕಾಲ, ಅವರು ದಿವಾನರಾಗಿದ್ದರು. 1881ರ ನಂತರದ ಮೈಸೂರಿನ ಬೇರೆ ಯಾವ ದಿವಾನರೂ ಅಷ್ಟು ದೀರ್ಘಕಾಲ ಆ ಹುದ್ದೆಯಲ್ಲಿ ಇರಲಿಲ್ಲ.

ಸಾಲ ತೀರಿಸುವುದು, ರೈಲು ಮಾರ್ಗ ವಿಸ್ತರಿಸುವುದು, ಕೆರೆ ಕಾಲುವೆಗಳನ್ನು ಸರಿಪಡಿಸುವುದು ಅವರ ಮೊದಲ ವರ್ಷಗಳ ಕೆಲಸವಾಯಿತು. ಬೆಂಗಳೂರಿಗೆ ಹೆಸರಘಟ್ಟದಿಂದ ನೀರು ತಂದಿದ್ದು, 1898ರ ಪ್ಲೇಗಿನ ಕಾಲದಲ್ಲಿ ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ರೂಪುಗೊಂಡಿದ್ದು ಅವರ ಕಾಲದಲ್ಲಿಯೇ. ನಮ್ಮ ಚಿತ್ರದುರ್ಗ ಜಿಲ್ಲೆಯ ಮಟ್ಟಿಗೆ ಹೇಳುವುದಾದರೆ, ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ವೇದಾವತಿ ನದಿಗೆ ಅಡ್ಡಲಾಗಿ ಅಣೆಕಟ್ಟು ಕಟ್ಟುವ ಕೆಲಸ ಆರಂಭವಾದದ್ದು ಅವರ ಆಡಳಿತದ ಕೊನೆಯ ವರ್ಷಗಳಲ್ಲಿ. ಅದೇ ನದಿ ಮುಂದೆ ಚಳ್ಳಕೆರೆ ತಾಲ್ಲೂಕಿನಲ್ಲಿ ಹರಿಯುತ್ತದೆ.

ಅವರ ಮೇಲೆ ಆಕ್ಷೇಪಣೆಗಳೂ ಇದ್ದವು. ಅಧಿಕಾರವನ್ನೆಲ್ಲ ತಮ್ಮ ಕೈಯಲ್ಲಿಯೇ ಇಟ್ಟುಕೊಳ್ಳುತ್ತಾರೆ, ದೊಡ್ಡ ಹುದ್ದೆಗಳಿಗೆ ಮೈಸೂರಿನವರಿಗಿಂತ ಮದ್ರಾಸಿನ ಕಡೆಯವರನ್ನು ಹೆಚ್ಚಾಗಿ ತರುತ್ತಾರೆ ಎಂಬ ದೂರು ಆ ಕಾಲದ ಪತ್ರಿಕೆಗಳಲ್ಲಿ ಕೇಳಿಬರುತ್ತಿತ್ತು. ದೂರಿನಲ್ಲಿ ಹುರುಳಿಲ್ಲವೆಂದು ಹೇಳುವಂತಿಲ್ಲ. ಆದರೆ ಒಮ್ಮೆ ಒಪ್ಪಿಕೊಂಡ ಕೆಲಸವನ್ನು ಅರ್ಧಕ್ಕೆ ಬಿಡದ ಹಟವೂ ಅದೇ ಸ್ವಭಾವದ ಇನ್ನೊಂದು ಮುಖವಾಗಿತ್ತು. ಆ ಹಟವು ಹೆಚ್ಚು ಕಾಣುವುದು ಶಿವನಸಮುದ್ರದ ಯೋಜನೆಯಲ್ಲಿ.

ಶಿವನಸಮುದ್ರದಿಂದ ಕೋಲಾರಕ್ಕೆ

ಕೋಲಾರದ ಚಿನ್ನದ ಗಣಿಗಳು 1880ರ ದಶಕದಲ್ಲಿ ದೊಡ್ಡ ಪ್ರಮಾಣದಲ್ಲಿ ಕೆಲಸ ಆರಂಭಿಸಿದವು. ಅವುಗಳಿಂದ ಸಂಸ್ಥಾನಕ್ಕೆ ರಾಜಧನ ಬರುತ್ತಿತ್ತು. ಗಣಿಗಳು ಆಳವಾದಂತೆಲ್ಲ ನೀರೆತ್ತಲು, ಅದಿರು ಮೇಲೆತ್ತಲು, ಅದನ್ನು ಕುಟ್ಟಿ ಪುಡಿ ಮಾಡಲು ಹೆಚ್ಚು ಹೆಚ್ಚು ಉಗಿಯಂತ್ರಗಳು ಬೇಕಾದವು. ಉಗಿಗೆ ಸೌದೆ ಬೇಕು, ಇಲ್ಲವೇ ದೂರದಿಂದ ತರಿಸಿದ ಕಲ್ಲಿದ್ದಲು ಬೇಕು. ಸುತ್ತಮುತ್ತಲಿನ ಕಾಡು ಕರಗುತ್ತಿತ್ತು, ಕಲ್ಲಿದ್ದಲು ದುಬಾರಿಯಾಗಿತ್ತು. ಇತ್ತ ಶಿವನಸಮುದ್ರದಲ್ಲಿ ಕಾವೇರಿ ನದಿಯು ಗಗನಚುಕ್ಕಿ ಮತ್ತು ಭರಚುಕ್ಕಿಯಾಗಿ ಧುಮುಕುತ್ತಿತ್ತು. ಶಕ್ತಿ ಇರುವ ಸ್ಥಳಕ್ಕೂ ಅದು ಬೇಕಾದ ಸ್ಥಳಕ್ಕೂ ನಡುವೆ ಸುಮಾರು 147 ಕಿಲೋಮೀಟರ್, ಅಂದರೆ 92 ಮೈಲಿ ಅಂತರವಿತ್ತು.

ಸಂಸ್ಥಾನದ ಉಪ ಮುಖ್ಯ ಎಂಜಿನಿಯರ್ ಆಗಿದ್ದ ಕೆನಡಾ ಮೂಲದ ಸೇನಾ ಎಂಜಿನಿಯರ್ ಜೋಲಿ ದ ಲಾಟ್ಬಿನಿಯರ್ ಅವರು ಜಲಪಾತದಿಂದ ವಿದ್ಯುತ್ ಉತ್ಪಾದಿಸಿ ತಂತಿಯ ಮೂಲಕ ಗಣಿಗಳಿಗೆ ಒಯ್ಯುವ ಯೋಜನೆಯನ್ನು ಮುಂದಿಟ್ಟರು. ಆ ಹೊತ್ತಿಗೆ ಜಗತ್ತಿನ ಅನುಭವ ಬಹಳ ಕಡಿಮೆ. 1891ರಲ್ಲಿ ಜರ್ಮನಿಯ ಲಾಫೆನ್‌ನಿಂದ ಫ್ರಾಂಕ್‌ಫರ್ಟ್‌ಗೆ ಸುಮಾರು 175 ಕಿಲೋಮೀಟರ್ ದೂರ ವಿದ್ಯುತ್ ಕಳುಹಿಸಲಾಗಿತ್ತು, ಆದರೆ ಅದು ವಸ್ತುಪ್ರದರ್ಶನಕ್ಕಾಗಿ ಮಾಡಿದ ಪ್ರಯೋಗ. 1896ರಲ್ಲಿ ಅಮೆರಿಕೆಯ ನಯಾಗರದಿಂದ ಬಫಲೋ ನಗರಕ್ಕೆ ವಿದ್ಯುತ್ ಹರಿದಿತ್ತು, ಆ ದೂರ ಐವತ್ತು ಕಿಲೋಮೀಟರಿಗೂ ಕಡಿಮೆ. ಭಾರತದಲ್ಲಿ 1897ರಲ್ಲಿ ಡಾರ್ಜಿಲಿಂಗ್ ಬಳಿ ಆರಂಭವಾಗಿದ್ದ ಜಲವಿದ್ಯುತ್ ಕೇಂದ್ರವು ಆ ಊರಿನ ದೀಪಗಳಿಗಷ್ಟೇ ಸಾಲುವಂಥದ್ದು. ಹೀಗಿರುವಾಗ 147 ಕಿಲೋಮೀಟರ್ ದೂರದ ಗಣಿಗಳಿಗೆ, ಹಗಲು ರಾತ್ರಿ ನಿಲ್ಲದಂತೆ, ಹಣ ಪಡೆದು ವಿದ್ಯುತ್ ಒದಗಿಸುತ್ತೇವೆಂದು ಒಂದು ಸಂಸ್ಥಾನ ಒಪ್ಪಂದ ಮಾಡಿಕೊಳ್ಳುವುದು ಸಾಮಾನ್ಯ ವಿಷಯವಾಗಿರಲಿಲ್ಲ. ದಾರಿಯಲ್ಲಿ ಶಕ್ತಿ ಸೋರಿಹೋಗಿ ಗಣಿಗೆ ಏನೂ ತಲುಪದಿದ್ದರೆ ಹೊಣೆ ಯಾರದು ಎಂಬ ಪ್ರಶ್ನೆಗೆ ಉತ್ತರಿಸಬೇಕಾಗಿದ್ದವರು ದಿವಾನರು.

ಲೆಕ್ಕದ ವಿವರ

ಈ ಬರಹ ಸಿದ್ಧಪಡಿಸಿದವರು ವಾಣಿಜ್ಯ ಪದವೀಧರರೇ ಹೊರತು ಎಂಜಿನಿಯರ್ ಅಲ್ಲ. ಆದ್ದರಿಂದ ಜಮಾ ಖರ್ಚಿನ ರೀತಿಯಲ್ಲಿಯೇ ವಿವರಿಸಲಾಗಿದೆ.

ತಂತಿಯಲ್ಲಿ ವಿದ್ಯುತ್ತನ್ನು ತಳ್ಳುವ ಒತ್ತಡಕ್ಕೆ ವೋಲ್ಟೇಜ್ ಎನ್ನುತ್ತಾರೆ, ಅದನ್ನು ವೋಲ್ಟ್‌ಗಳಲ್ಲಿ ಅಳೆಯುತ್ತಾರೆ. ಹರಿಯುವ ಪ್ರವಾಹದ ಅಳತೆ ಆಂಪಿಯರ್. ಹರಿವಿಗೆ ತಂತಿಯು ಒಡ್ಡುವ ತಡೆಯೇ ರೋಧ, ಅದರ ಅಳತೆ ಓಮ್. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೋಧ ಸಿಗುತ್ತದೆ. ಈ ಸಂಬಂಧವನ್ನು ಜರ್ಮನಿಯ ಶಾಲಾ ಶಿಕ್ಷಕ ಜಾರ್ಜ್ ಸೈಮನ್ ಓಮ್ ಅವರು 1827ರಲ್ಲಿ ಪ್ರಕಟಿಸಿದ್ದರು. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ಸಾಮರ್ಥ್ಯ ಸಿಗುತ್ತದೆ, ಅದರ ಅಳತೆ ವ್ಯಾಟ್. ಇನ್ನು ತಂತಿ ಬಿಸಿಯಾಗಿ ನಷ್ಟವಾಗುವ ಸಾಮರ್ಥ್ಯವನ್ನು ತಿಳಿಯಲು ಆಂಪಿಯರನ್ನು ಆಂಪಿಯರಿನಿಂದಲೇ ಗುಣಿಸಿ, ಬಂದುದನ್ನು ರೋಧದಿಂದ ಗುಣಿಸಬೇಕು. ಇದನ್ನು ಇಂಗ್ಲೆಂಡಿನ ಜೂಲ್ ಅವರು 1841ರಲ್ಲಿ ತೋರಿಸಿಕೊಟ್ಟಿದ್ದರು.

ಕೊನೆಯ ಮಾತಿನಲ್ಲಿಯೇ ಇಡೀ ಯೋಜನೆಯ ಗುಟ್ಟಿದೆ. ಪ್ರವಾಹ ಎರಡು ಪಟ್ಟಾದರೆ ನಷ್ಟ ನಾಲ್ಕು ಪಟ್ಟು, ಹತ್ತು ಪಟ್ಟಾದರೆ ನಷ್ಟ ನೂರು ಪಟ್ಟು. ಬಡ್ಡಿಯ ಮೇಲೆ ಬಡ್ಡಿ ಬೆಳೆಯುವ ಸಾಲಕ್ಕಿಂತಲೂ ಇದು ಕಠಿಣ.

ಗಣಿಗಳಿಗೆ ಬೇಕಾಗಿದ್ದುದು ಸುಮಾರು 4,000 ಅಶ್ವಶಕ್ತಿ. ಒಂದು ಅಶ್ವಶಕ್ತಿ ಎಂದರೆ 746 ವ್ಯಾಟ್, ಆದ್ದರಿಂದ ಒಟ್ಟು 2,984 ಕಿಲೋವ್ಯಾಟ್. ಮಾರ್ಗದ ವೋಲ್ಟೇಜ್ ಸುಮಾರು 35,000. ವಿದ್ಯುತ್ತು ಮೂರು ತಂತಿಗಳಲ್ಲಿ, ಅಂದರೆ ತ್ರೀ ಫೇಸ್ ಪದ್ಧತಿಯಲ್ಲಿ ಹರಿಯುವುದರಿಂದ ವೋಲ್ಟೇಜನ್ನು 1.732ರಿಂದ ಗುಣಿಸಿ, ಆ ಮೊತ್ತದಿಂದ ವ್ಯಾಟನ್ನು ಭಾಗಿಸಬೇಕು. ಹಾಗೆ ಮಾಡಿದರೆ ಪ್ರತಿ ತಂತಿಯಲ್ಲಿ ಹರಿಯುವುದು ಸುಮಾರು 49 ಆಂಪಿಯರ್ ಮಾತ್ರ. ಉದಾಹರಣೆಗಾಗಿ ಪ್ರತಿ ತಂತಿಯ ರೋಧ 30 ಓಮ್ ಎಂದಿಟ್ಟುಕೊಳ್ಳೋಣ. ಆಗ ಮೂರೂ ತಂತಿಗಳ ನಷ್ಟ ಸೇರಿ ಸುಮಾರು 218 ಕಿಲೋವ್ಯಾಟ್. ನೂರಕ್ಕೆ ಏಳು ಭಾಗವನ್ನು ದಾರಿಯ ಖರ್ಚೆಂದು ಬರೆದುಕೊಂಡರೆ ಉಳಿದದ್ದು ಗಣಿಗೆ ಸಿಗುತ್ತದೆ. ಅದೇ ಸಾಮರ್ಥ್ಯವನ್ನು ಅದೇ ತಂತಿಯಲ್ಲಿ 3,500 ವೋಲ್ಟ್‌ನಲ್ಲಿ ಕಳುಹಿಸಲು ಹೊರಟರೆ? ಪ್ರವಾಹ 490 ಆಂಪಿಯರ್ ದಾಟುತ್ತದೆ, ನಷ್ಟವು 21,000 ಕಿಲೋವ್ಯಾಟ್ ಮೀರುತ್ತದೆ. ಕಳುಹಿಸಬೇಕಾದುದರ ಏಳು ಪಟ್ಟು ದಾರಿಯಲ್ಲೇ ಖರ್ಚು! ಅಂದರೆ ಕೆಲಸ ನಡೆಯುವುದೇ ಇಲ್ಲ. ವೋಲ್ಟೇಜ್ ಹೆಚ್ಚಿಸದೆ ಬೇರೆ ದಾರಿಯಿರಲಿಲ್ಲ.

ಈ ಗುಣಾಕಾರವನ್ನು ದಿವಾನರೇ ಕುಳಿತು ಮಾಡಿದರೆಂದು ಇಲ್ಲಿ ಹೇಳುತ್ತಿಲ್ಲ. ಅದು ಎಂಜಿನಿಯರುಗಳ ಕೆಲಸ. ಆದರೆ ಲೆಕ್ಕ ಹಾಕುವುದು ಒಂದು, ಆ ಲೆಕ್ಕ ಸರಿಯೆಂದು ನಂಬಿ ಸರ್ಕಾರದ ಹಣ ಮಂಜೂರು ಮಾಡಿ ಸಹಿ ಹಾಕುವುದು ಇನ್ನೊಂದು. ಯೋಜನೆಯನ್ನು ಖಾಸಗಿಯವರಿಗೆ ಬಿಡದೆ ಸರ್ಕಾರವೇ ನಡೆಸಬೇಕೆಂಬ ತೀರ್ಮಾನದಿಂದ ಲಾಭವೂ ಸಂಸ್ಥಾನದ್ದಾಯಿತು, ನಷ್ಟದ ಭಯವೂ ಸಂಸ್ಥಾನದ್ದೇ ಆಯಿತು. ಲಾಟ್ಬಿನಿಯರ್ ಅವರನ್ನು ಯುರೋಪ್ ಮತ್ತು ಅಮೆರಿಕೆಗೆ ಕಳುಹಿಸಿ ಪರಿಶೀಲನೆ ಮಾಡಿಸಲಾಯಿತು. ವಿದ್ಯುತ್ ಯಂತ್ರಗಳ ಗುತ್ತಿಗೆಯು ಅಮೆರಿಕೆಯ ಜನರಲ್ ಎಲೆಕ್ಟ್ರಿಕ್ ಕಂಪನಿಗೂ, ನೀರಿನ ಚಕ್ರಗಳ ಗುತ್ತಿಗೆಯು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಗೂ ಹೋಯಿತು. ಗಣಿ ಕಂಪನಿಗಳೊಂದಿಗೆ ವಿದ್ಯುತ್ ಖರೀದಿಯ ಒಪ್ಪಂದ ಮೊದಲೇ ಆಯಿತು. ಮಾಲು ಸಿದ್ಧವಾಗುವ ಮೊದಲೇ ಗಿರಾಕಿಯನ್ನು ಗೊತ್ತುಮಾಡಿಕೊಂಡ ಈ ಎಚ್ಚರಿಕೆ ನಮ್ಮ ಅಭಿಪ್ರಾಯದಲ್ಲಿ ಯೋಜನೆಯ ಅತ್ಯಂತ ಜಾಣತನದ ಭಾಗ. ರೈಲು ತಲುಪದ ಶಿವನಸಮುದ್ರಕ್ಕೆ ಭಾರೀ ಯಂತ್ರಗಳನ್ನು ರಸ್ತೆಯ ಮೇಲೆಯೇ ಸಾಗಿಸಬೇಕಾಯಿತು.

ಬಿ.ಜಿ. ಕೆರೆಯ ಪಂಪ್‌ಸೆಟ್ಟಿಗೂ ಅದೇ ಲೆಕ್ಕ

ಕೋಲಾರದ ಮಾರ್ಗಕ್ಕೆ ಅನ್ವಯಿಸಿದ ನಿಯಮವೇ ಹೊಲದ ಕೊಳವೆ ಬಾವಿಗೂ ಅನ್ವಯಿಸುತ್ತದೆ. ಬಿ.ಜಿ. ಕೆರೆಯ ರೈತರೊಬ್ಬರು 5 ಅಶ್ವಶಕ್ತಿಯ ತ್ರೀ ಫೇಸ್ ಸಬ್‌ಮರ್ಸಿಬಲ್ ಮೋಟಾರನ್ನು 1,000 ಅಡಿ ಆಳದಲ್ಲಿ ಇಳಿಸಿದ್ದಾರೆಂದು ಭಾವಿಸೋಣ. ಮೋಟಾರು ಕೊಡುವ ಸಾಮರ್ಥ್ಯ 3,730 ವ್ಯಾಟ್. ದಕ್ಷತೆ ಮತ್ತು ಪವರ್ ಫ್ಯಾಕ್ಟರ್ ಎರಡನ್ನೂ 0.8 ಎಂದು ಹಿಡಿದರೆ, 415 ವೋಲ್ಟ್‌ನಲ್ಲಿ ಅದು ಸುಮಾರು 8 ಆಂಪಿಯರ್ ಎಳೆಯುತ್ತದೆ. ಬಾವಿಗೆ ಇಳಿಬಿಟ್ಟ ತಾಮ್ರದ ಕೇಬಲ್ಲು 4 ಚದರ ಮಿಲಿಮೀಟರ್ ದಪ್ಪದ್ದಾದರೆ ಪ್ರತಿ ಎಳೆಯ ರೋಧ ಸುಮಾರು 1.4 ಓಮ್, ಮೂರು ಎಳೆಗಳ ನಷ್ಟ ಸುಮಾರು 275 ವ್ಯಾಟ್. ಹಣ ಉಳಿಸಲು 2.5 ಚದರ ಮಿಲಿಮೀಟರ್ ಕೇಬಲ್ಲು ಹಾಕಿದರೆ ರೋಧ ಸುಮಾರು 2.2 ಓಮ್, ನಷ್ಟ 430 ವ್ಯಾಟ್ ದಾಟುತ್ತದೆ. ಜೊತೆಗೆ ಮೇಲೆ 415 ವೋಲ್ಟ್ ಇದ್ದರೂ ಕೆಳಗಿನ ಮೋಟಾರಿಗೆ ಸುಮಾರು 30 ವೋಲ್ಟ್ ಕಡಿಮೆ ತಲುಪುತ್ತದೆ. ಕೇಬಲ್ಲಿನಲ್ಲಿ ಉಳಿಸಿದ ಹಣ ಮೋಟಾರು ರಿಪೇರಿಯಲ್ಲಿ ಹೋಗುವುದು ಹೀಗೆ.

ವೋಲ್ಟೇಜ್ ಕುಸಿದಾಗ ಮೋಟಾರು ಕಡಿಮೆ ವಿದ್ಯುತ್ ಎಳೆಯುತ್ತದೆಂಬ ನಂಬಿಕೆ ಹಲವರಲ್ಲಿದೆ. ಇದು ತಪ್ಪು. ಅಷ್ಟೇ ನೀರನ್ನು ಅಷ್ಟೇ ಎತ್ತರಕ್ಕೆ ಎತ್ತಬೇಕಾದ ಮೋಟಾರು, 350 ವೋಲ್ಟ್‌ನಲ್ಲಿ ಸುಮಾರು 9.6 ಆಂಪಿಯರ್ ಎಳೆಯುತ್ತದೆ. ಮೇಲೆ ಹೇಳಿದ ನಿಯಮದಂತೆ ಸುರುಳಿಯ ಬಿಸಿ ಸುಮಾರು ನೂರಕ್ಕೆ ನಲವತ್ತರಷ್ಟು ಹೆಚ್ಚುತ್ತದೆ. ಸುರುಳಿ ಸುಡುವುದಕ್ಕೆ ಮುಖ್ಯ ಕಾರಣಗಳಲ್ಲಿ ಇದೂ ಒಂದು. ಒಂದೇ ಪರಿವರ್ತಕದ ಮೇಲೆ ಮಂಜೂರಾದುದಕ್ಕಿಂತ ಹೆಚ್ಚು ಅಶ್ವಶಕ್ತಿಯ ಮೋಟಾರುಗಳನ್ನು ಜೋಡಿಸಿದಾಗ ಎಲ್ಲರ ವೋಲ್ಟೇಜೂ ಕುಸಿಯುತ್ತದೆ. 5 ಎಂದು ಬರೆದು 7.5 ಅಶ್ವಶಕ್ತಿ ಇಳಿಸಿದವರ ನಷ್ಟವನ್ನು ಪಕ್ಕದ ಹೊಲದವರೂ ಹಂಚಿಕೊಳ್ಳಬೇಕಾಗುತ್ತದೆ.

ಮನೆಯ ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಕಾಯಿಲ್ ಇತ್ಯಾದಿಗಳ ಲೆಕ್ಕ ಇನ್ನೂ ಸುಲಭ. 230 ವೋಲ್ಟ್‌ಗೆ 1,000 ವ್ಯಾಟ್ ಎಂದು ಬರೆದಿದ್ದರೆ ಪ್ರವಾಹ 4.35 ಆಂಪಿಯರ್, ರೋಧ ಸುಮಾರು 53 ಓಮ್. ವೋಲ್ಟೇಜ್ 180ಕ್ಕೆ ಇಳಿದರೆ ಅದೇ ಪೆಟ್ಟಿಗೆ 612 ವ್ಯಾಟ್‌ನಷ್ಟೇ ಕೆಲಸ ಮಾಡುತ್ತದೆ. ವೋಲ್ಟನ್ನು ಆಂಪಿಯರಿನಿಂದ ಭಾಗಿಸುವ ಈ ನೇರ ವಿಧಾನವು ಬಿಸಿ ಮಾಡುವ ಉಪಕರಣಗಳಿಗೆ ಸರಿ. ಮೋಟಾರಿನ ಸುರುಳಿಯ ರೋಧ ಹೀಗೆ ಸಿಗುವುದಿಲ್ಲ, ಅದನ್ನು ಅಳೆದೇ ತಿಳಿಯಬೇಕು. ಅರ್ಜಿದಾರರು ತಮ್ಮ ಉಪಕರಣದ ನಾಮಫಲಕದಲ್ಲಿರುವ ವೋಲ್ಟ್, ಆಂಪಿಯರ್, ವ್ಯಾಟ್ ಅಥವಾ ಅಶ್ವಶಕ್ತಿಯನ್ನು ಇದ್ದಂತೆಯೇ ಬರೆದುಕೊಂಡು, ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಗೆ ತೋರಿಸಿ, ನಂತರ ಲೋಡ್ ಅಂಕಣ ಭರ್ತಿ ಮಾಡುವುದು ಸೂಕ್ತ.

ಕೊನೆಯ ದಿನಗಳು

1894ರ ಡಿಸೆಂಬರಿನಲ್ಲಿ ಮಹಾರಾಜ ಚಾಮರಾಜೇಂದ್ರ ಒಡೆಯರ್ ಅವರು ಕಲ್ಕತ್ತೆಯಲ್ಲಿ ಅಕಾಲಿಕವಾಗಿ ನಿಧನರಾದ ನಂತರ, ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ರಾಜಪ್ರತಿನಿಧಿತ್ವದಲ್ಲಿ ಶೇಷಾದ್ರಿ ಅಯ್ಯರ್ ಅವರೇ ಆಡಳಿತ ಮುಂದುವರಿಸಿದರು. ಬಾಲಕ ಮಹಾರಾಜರು ಪ್ರಾಯಕ್ಕೆ ಬರುವವರೆಗೆ ಸಂಸ್ಥಾನವನ್ನು ಕಾಯುವ ಭಾರ, ಪ್ಲೇಗಿನ ಹಾವಳಿ, ಅದರ ಮೇಲೆ ಕಾವೇರಿ ಯೋಜನೆ, ಇವೆಲ್ಲ ಒಟ್ಟಿಗೆ ಬಂದವು. ಅವರ ಆರೋಗ್ಯ ಕುಸಿಯಿತು. 1901ರಲ್ಲಿ ಅನಾರೋಗ್ಯದ ಕಾರಣದಿಂದ ದಿವಾನಗಿರಿಯಿಂದ ನಿವೃತ್ತರಾದರು. ಆಗ ಶಿವನಸಮುದ್ರದಲ್ಲಿ ಕೆಲಸ ನಡೆಯುತ್ತಿತ್ತು, ಕೋಲಾರದಲ್ಲಿ ಇನ್ನೂ ಉಗಿಯಂತ್ರಗಳೇ ಓಡುತ್ತಿದ್ದವು. ಅದೇ ವರ್ಷ ಸೆಪ್ಟೆಂಬರ್ 13ರಂದು, 56ನೆಯ ವಯಸ್ಸಿನಲ್ಲಿ, ಅವರು ನಿಧನರಾದರು. ತಾವು ಸಹಿ ಹಾಕಿದ ಲೆಕ್ಕ ಸರಿಯೋ ತಪ್ಪೋ ಎಂಬುದನ್ನು ನೋಡುವ ಅವಕಾಶ ಅವರಿಗೆ ಸಿಗಲಿಲ್ಲ.

ಒಂಬತ್ತು ತಿಂಗಳ ನಂತರ, 1902ರ ಜೂನ್ 30ರಂದು, ಶಿವನಸಮುದ್ರದ ವಿದ್ಯುತ್ತು ಕೋಲಾರದ ಗಣಿಗಳನ್ನು ತಲುಪಿತು. ಅಷ್ಟು ದೂರದ ವಿದ್ಯುತ್ ಸಾಗಣೆ ಏಷ್ಯಾದಲ್ಲಿ ಅದೇ ಮೊದಲು. ಗಣಿಗಳ ಬೇಡಿಕೆ ಬೆಳೆದು ಕೇಂದ್ರವನ್ನು ಹಂತ ಹಂತವಾಗಿ ವಿಸ್ತರಿಸಲಾಯಿತು. 1905ರಲ್ಲಿ ಬೆಂಗಳೂರಿನಲ್ಲಿಯೂ 1908ರಲ್ಲಿ ಮೈಸೂರಿನಲ್ಲಿಯೂ ಅದೇ ಕೇಂದ್ರದ ವಿದ್ಯುತ್ತಿನಿಂದ ದೀಪಗಳು ಬೆಳಗಿದವು. ವೇದಾವತಿಯ ಅಣೆಕಟ್ಟು 1907ರಲ್ಲಿ ಪೂರ್ಣಗೊಂಡು, ಅದರ ಜಲಾಶಯವು ಮಹಾರಾಣಿಯವರ ಗೌರವಾರ್ಥ ವಾಣಿವಿಲಾಸ ಸಾಗರವೆಂಬ ಹೆಸರು ಪಡೆಯಿತು.

ಬೆಂಗಳೂರಿನ ಶೇಷಾದ್ರಿಪುರ ಬಡಾವಣೆ ಅವರ ಹೆಸರಿನಲ್ಲಿದೆ. ಕಬ್ಬನ್ ಉದ್ಯಾನದಲ್ಲಿ 1913ರಲ್ಲಿ ಅನಾವರಣಗೊಂಡ ಅವರ ಪ್ರತಿಮೆಯಿದ್ದು, ಅದರ ಹಿಂದಿನ ಕೆಂಪು ಬಣ್ಣದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿ ರಾಜ್ಯ ಕೇಂದ್ರ ಗ್ರಂಥಾಲಯ ನಡೆಯುತ್ತಿದೆ. 1902ರಲ್ಲಿ ಆರಂಭವಾದ ಶಿವನಸಮುದ್ರದ ಕೇಂದ್ರವನ್ನು ಮುಂದೆ ಕರ್ನಾಟಕ ವಿದ್ಯುತ್ ನಿಗಮ ವಹಿಸಿಕೊಂಡಿತು. ಹಳೆಯ ಯಂತ್ರಗಳ ಜಾಗಕ್ಕೆ ಹೊಸವು ಬಂದು, ಅದರ ಸ್ಥಾಪಿತ ಸಾಮರ್ಥ್ಯ 42 ಮೆಗಾವ್ಯಾಟ್‌ಗೆ ಏರಿದೆ.